ನಕ್ಷತ್ರ ನೋಡೋದು, ನಾಲ್ಕು ಜನಕ್ಕೆ ತೋರಿಸೋದು: ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯವರು ಎಲ್ಲಿಂದ ಶುರು ಮಾಡಬೇಕು?

ಮಂಚೇನಹಳ್ಳಿ ತೋಟ:
ಗೌರಿಬಿದನೂರು ಕಡೆ ತೋಟದಲ್ಲಿ ಹೋಂಸ್ಟೇ. ಬರೋ ಅತಿಥಿಗಳಿಗೆ ರಾತ್ರಿ ಊಟಕ್ಕೆ ಮುಂಚೆ ಒಂದು ಗಂಟೆ ಆಕಾಶ ತೋರಿಸಬೇಕು ಅನ್ನೋ ಯೋಚನೆ. ಸದ್ಯಕ್ಕೆ ಸಪ್ತರ್ಷಿ ಬಿಟ್ಟು ಬೇರೇನೂ ಗುರುತು ಸಿಗಲ್ಲ. ಮೂರು ಪ್ರಶ್ನೆ. ಯಾವ ಟೆಲಿಸ್ಕೋಪ್ ತಗೋಬೇಕು? ಬೇರೆಯವರಿಗೆ ತೋರಿಸೋ ಮಟ್ಟಕ್ಕೆ ಬರೋಕೆ ಎಷ್ಟು ತಿಂಗಳು ಬೇಕು? ಬೆಂಗಳೂರಿನ ಬೆಳಕು ಇಲ್ಲೀವರೆಗೂ ಕಾಣುತ್ತಲ್ಲ, ಈ ಜಾಗ ಆಗುತ್ತಾ?

ಓರೆನೋಟ:
ಮೊದಲನೇ ಪ್ರಶ್ನೆಯನ್ನ ಕೊನೆಗೆ ಇಟ್ಟುಕೊಳ್ಳಿ ಮೇಡಂ. ಎಲ್ಲಿಗೆ ತಿರುಗಿಸಬೇಕು ಅಂತ ಗೊತ್ತಿಲ್ಲದವರ ಕೈಲಿ ಟೆಲಿಸ್ಕೋಪ್ ಅಂದ್ರೆ ಬರೀ ಚಂದ್ರ ನೋಡೋ ಕೊಳವೆ. ಮೂರನೇ ವಾರಕ್ಕೆ ಅಟ್ಟ ಸೇರುತ್ತೆ.

ಮೊದಲ ಎರಡು ತಿಂಗಳು ಬರಿಗಣ್ಣು. ತೋಟದಲ್ಲಿ ಒಂದು ಜಾಗ ಗೊತ್ತು ಮಾಡಿ, ದಿನಾ ಅಲ್ಲೇ ನಿಂತು ನೋಡಿ. ಜಾಗ ಬದಲಾದರೆ ಮರ, ಕಂಬ, ಬೆಟ್ಟದ ಗುರುತೆಲ್ಲ ಬದಲಾಗಿ ತಲೆ ಕೆಡುತ್ತೆ. ಅಳತೆಗೆ ನಿಮ್ಮ ಕೈ ಸಾಕು. ತೋಳು ಪೂರ್ತಿ ಚಾಚಿದಾಗ ಮುಷ್ಟಿಯ ಅಗಲ 10 ಡಿಗ್ರಿ, ನಡುವಿನ ಮೂರು ಬೆರಳು ಸೇರಿಸಿದರೆ 5, ಕಿರುಬೆರಳು 1. ಗೌರಿಬಿದನೂರು ಇರೋದು 13.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಧ್ರುವ ನಕ್ಷತ್ರವೂ ಉತ್ತರ ದಿಗಂತದಿಂದ ಅಷ್ಟೇ ಎತ್ತರ. ಒಂದು ಮುಷ್ಟಿ, ಅದರ ಮೇಲೆ ಮೂರು ಬೆರಳು ಇಟ್ಟು, ಒಂದು ಬೆರಳಷ್ಟು ಕೆಳಗೆ ಇಳೀರಿ. ಹೊಸಬರು ಮಾಡೋ ತಪ್ಪು ಏನಪ್ಪಾ ಅಂದ್ರೆ, ಧ್ರುವ ಅಂದ ತಕ್ಷಣ ನಡು ಆಕಾಶದಲ್ಲಿ ಹುಡುಕೋದು, ಅದೂ ಎಲ್ಲಕ್ಕಿಂತ ಹೊಳೆಯೋ ಚುಕ್ಕಿಯನ್ನ. ಅದು ಎರಡನೇ ದರ್ಜೆಯ ಸಾಧಾರಣ ಚುಕ್ಕಿ. ನಮ್ಮ ಕಡೆ ಧೂಳು, ಮಬ್ಬು, ಮರದ ತುದಿಗಳ ಮಧ್ಯೆ ಇರುತ್ತೆ.

ಶುರು ಮಾಡೋಕೆ ಜನವರಿ ಕೊನೆ ವಾರ ಒಳ್ಳೇದು. ರಾತ್ರಿ 9ಕ್ಕೆ ಮಹಾವ್ಯಾಧನ (ಇಂಗ್ಲಿಷಿನ ಒರಾಯನ್ ಪುಂಜ) ಸೊಂಟದ ಸಾಲು ಮೂರು ಚುಕ್ಕಿ ಹೆಚ್ಚುಕಮ್ಮಿ ನೆತ್ತಿ ಮೇಲೆ ಇರುತ್ತೆ, ದಕ್ಷಿಣಕ್ಕೆ ಸ್ವಲ್ಪ ವಾಲಿ. ಆ ಗೆರೆಯನ್ನ ಒಂದು ಕಡೆ ಎಳೆದರೆ ಲುಬ್ಧಕ (ಸಿರಿಯಸ್), ಇನ್ನೊಂದು ಕಡೆ ಎಳೆದರೆ ಕೆಂಪಗಿನ ರೋಹಿಣಿ, ಅದೇ ದಾರಿಯಲ್ಲಿ ಮುಂದೆ ಹೋದರೆ ಕೃತ್ತಿಕೆಯ ಗೊಂಚಲು. ಒಂದೇ ಗೆರೆಗೆ ನಾಲ್ಕು ಗುರುತು. ಆ ಮೂರು ಚುಕ್ಕಿ ಹುಟ್ಟೋದು ನೇರ ಪೂರ್ವಕ್ಕೆ, ಮುಳುಗೋದು ನೇರ ಪಶ್ಚಿಮಕ್ಕೆ, ಹಾಗಾಗಿ ದಿಕ್ಸೂಚಿಯೂ ಅದೇ. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಗೇಟು, ಕಾರು, ಪಂಪ್ ಹತ್ತಿರ ದಾರಿ ತಪ್ಪಿಸುತ್ತೆ.

ಮುಖ್ಯ ವಿಷಯ: ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತವೆ, ತಿಂಗಳಿಗೆ 2 ಗಂಟೆ. ಅದೇ 9 ಗಂಟೆಗೆ ನೋಡ್ತಾ ಇದ್ದರೆ ಪೂರ್ವದಲ್ಲಿ ತಿಂಗಳಿಗೊಂದು ಹೊಸ ಭಾಗ ಏರಿ ಬರುತ್ತೆ. ಒಂದೇ ವಾರದಲ್ಲಿ ಇಡೀ ಆಕಾಶ ಕಲೀತೀನಿ ಅಂತ ಕೂತವರು ನೂರು ಹೆಸರು ಓದಿ ಹತ್ತು ಗುರುತಿಸ್ತಾರೆ. ನಿಮಗೆ ಮೊದಲ ವರ್ಷಕ್ಕೆ 25 ನಕ್ಷತ್ರ, 12 ರಾಶಿ-ಪುಂಜ ಸಾಕು, ಆದರೆ ಅವು ಮೋಡದ ಕಿಂಡಿಯಲ್ಲಿ ಕಂಡರೂ ಗುರುತು ಸಿಗಬೇಕು.

ಮೇಷ್ಟ್ರು ಶಿರಾ:
ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆಯ ಕಲಿಕೆಗೆ ಒಂದು ಅನುಕೂಲವಿದೆ, ಹೆಸರುಗಳು ಆಗಲೇ ಬಾಯಲ್ಲಿವೆ. ಮಳೆ ನಕ್ಷತ್ರ ಗೊತ್ತಿಲ್ಲದ ರೈತರಿಲ್ಲ. ಆದರೆ ತೋರಿಸುವವರು ಇಲ್ಲೇ ಎಡವುತ್ತಾರೆ. ಜೂನ್ 22ರ ಆಸುಪಾಸು ಆರಿದ್ರಾ ಮಳೆ ಹಿಡಿಯಿತು, ಹಾಗಾದರೆ ಆರಿದ್ರಾ ನಕ್ಷತ್ರ ಎಲ್ಲಿದೆ ತೋರಿಸಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಅದು ಕಾಣುವುದಿಲ್ಲ. ಆರಿದ್ರಾ ಮಳೆ ಎಂದರೆ ಸೂರ್ಯ ಆ ನಕ್ಷತ್ರದ ಭಾಗದಲ್ಲಿ ಇರುವ 13–14 ದಿನ. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವ ಚುಕ್ಕಿಯನ್ನು ರಾತ್ರಿ ಹುಡುಕಿದರೆ ಸಿಗುವುದು ಹೇಗೆ? ಮೇ 25ರ ಸುಮಾರಿಗೆ ಹಿಡಿಯುವ ರೋಹಿಣಿ ಮಳೆಗೂ ಇದೇ ಲೆಕ್ಕ. ಅದೇ ಆರಿದ್ರಾ ಜನವರಿ–ಫೆಬ್ರವರಿಯಲ್ಲಿ ಮಹಾವ್ಯಾಧನ ಭುಜದಲ್ಲಿ ಕೆಂಡದ ಹಾಗೆ ಕಾಣುತ್ತದೆ. “ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ” ಎಂದು ಹೇಳಿಕೊಂಡು ಬಂದ ಜನಕ್ಕೆ ಆ ಕೆಂಪು ಚುಕ್ಕಿ ತೋರಿಸಿ, ಆಮೇಲೆ ಈ ಲೆಕ್ಕ ಹೇಳಿ. ಬಿಟಲ್‌ಜ್ಯೂಸ್ ಎಂಬ ಇಂಗ್ಲಿಷ್ ಹೆಸರಿನಿಂದ ಶುರು ಮಾಡಿದರೆ ಯಾರಿಗೂ ನೆನಪು ಉಳಿಯುವುದಿಲ್ಲ.

ಇನ್ನೊಂದು: ಚಾಂದ್ರಮಾಸದ ಹೆಸರೇ ಹುಣ್ಣಿಮೆ ಚಂದ್ರ ಯಾವ ನಕ್ಷತ್ರದ ಹತ್ತಿರ ಇರುತ್ತಾನೆ ಎಂಬುದರಿಂದ ಬಂದದ್ದು. ಮಾಘ ಹುಣ್ಣಿಮೆಗೆ ಮಖೆ, ಚೈತ್ರ ಹುಣ್ಣಿಮೆಗೆ ಚಿತ್ತೆ. ಒಂದು ನಕ್ಷತ್ರದಷ್ಟು ಆಚೀಚೆ ಆಗಬಹುದು. ಮಖೆ, ಚಿತ್ತೆಯಂಥ ಹೊಳೆಯುವ ಚುಕ್ಕಿಗಳು ಹುಣ್ಣಿಮೆ ಬೆಳಕಲ್ಲೂ ಉಳಿಯುತ್ತವೆ, ಕೃತ್ತಿಕೆ ಮಾತ್ರ ತೊಳೆದುಹೋಗುತ್ತದೆ.

ಎಂಟಿಂಚು:
ಎಲ್ಲಾ ಸರಿ, ಟೆಲಿಸ್ಕೋಪ್ ಬಗ್ಗೆ ಕೇಳಿದ್ದಾರೆ, ಹೇಳೋಣ.

ಕೊಳ್ಳೋ ಕ್ರಮ: ಒಂದು ನಕ್ಷತ್ರ ಚಕ್ರ (ತಿರುಗಿಸಿ ಆ ಹೊತ್ತಿನ ಆಕಾಶ ನೋಡೋ ನಕ್ಷೆ), 10×50 ಬೈನಾಕ್ಯುಲರ್ (10 ಪಟ್ಟು, ಮುಂದಿನ ಮಸೂರ 50 ಮಿ.ಮೀ.), ಆರು ತಿಂಗಳ ಮೇಲೆ 6 ಇಂಚಿನ ಡಾಬ್ಸೋನಿಯನ್ (ನೆಲದ ಮೇಲಿನ ಪೀಠದಲ್ಲಿ ಕೈಯಿಂದ ತಿರುಗಿಸೋ ಕನ್ನಡಿ ಟೆಲಿಸ್ಕೋಪ್). ಚಕ್ರ ಕೊಳ್ಳುವಾಗ ಅಕ್ಷಾಂಶ ನೋಡಿ. 40 ಡಿಗ್ರಿಗೆ ಮಾಡಿದ ಹೊರದೇಶದ ಚಕ್ರದಲ್ಲಿ ಧ್ರುವ ಮೂರು ಪಟ್ಟು ಮೇಲೆ ಕೂತಿರುತ್ತೆ, ತ್ರಿಶಂಕು (ದಕ್ಷಿಣದ ಶಿಲುಬೆ ಪುಂಜ) ಇರೋದೇ ಇಲ್ಲ. 10ರಿಂದ 15 ಡಿಗ್ರಿಯದು ಬೇಕು. ಸಿಗದಿದ್ದರೆ ಮೊಬೈಲಲ್ಲಿ ಸ್ಟೆಲ್ಲೇರಿಯಂ ಅನ್ನೋ ಆಕಾಶ ನಕ್ಷೆಯ ಆ್ಯಪ್ ಹಾಕಿ, ಅದರ ಕೆಂಪು ಪರದೆ ಆನ್ ಮಾಡಿ.

ಬೈನಾಕ್ಯುಲರಿನಲ್ಲಿ ಜೂಮ್ ಇರೋದು ಬೇಡ. 20×50 ಇನ್ನೂ ಬೇಡ, ಕೈ ನಡುಕಕ್ಕೆ ಚುಕ್ಕಿಗಳೆಲ್ಲ ಹುಳು ಹರಿದಾಡಿದ ಹಾಗೆ ಕಾಣುತ್ತವೆ. 10×50 ಹಿಡಿದು ಹಗ್ಗದ ಮಂಚದ ಮೇಲೆ ಮಲಗಿ, ಇಲ್ಲಾ ಕೈ ಇರೋ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕೈ ಊರಿ ನೋಡಿ. ಕೃತ್ತಿಕೆ ಅದರಲ್ಲಿ ಕಂಡಷ್ಟು ಚೆನ್ನಾಗಿ ಯಾವ ದೊಡ್ಡ ಟೆಲಿಸ್ಕೋಪಿನಲ್ಲೂ ಕಾಣಲ್ಲ, ಇಡೀ ಗೊಂಚಲು ಒಂದೇ ನೋಟದಲ್ಲಿ ಹಿಡಿಸುತ್ತೆ.

ಟೆಲಿಸ್ಕೋಪಿನ ಡಬ್ಬದ ಮೇಲೆ 500 ಪಟ್ಟು, 675 ಪಟ್ಟು ಅಂತ ಬರೆದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಕನ್ನಡಿಯ ಪ್ರತಿ ಮಿಲಿಮೀಟರಿಗೆ 2 ಪಟ್ಟು ಅನ್ನೋದೇ ಮೇಲಿನ ಮಿತಿ. 60 ಮಿ.ಮೀ. ಕೊಳವೆಯಲ್ಲಿ 120 ದಾಟಿದರೆ ದೊಡ್ಡ ಮಸುಕು ಅಷ್ಟೇ. ಜೊತೆಗೆ ಕೊಡೋ ಸಣಕಲು ಟ್ರೈಪಾಡ್ ಉಸಿರು ಬಿಟ್ಟರೆ ಅಲ್ಲಾಡುತ್ತೆ. 6 ಇಂಚಿನ ಡಾಬ್ಸೋನಿಯನ್ನಿನ ನಾಭಿದೂರ (ಫೋಕಲ್ ಲೆಂತ್) ಸಾಮಾನ್ಯವಾಗಿ 1200 ಮಿ.ಮೀ. 25 ಮಿ.ಮೀ. ಕಣ್ಣುಮಸೂರ (ಕಣ್ಣಿಡೋ ಕಡೆಯ ಲೆನ್ಸ್) ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120. ಶನಿಯ ಉಂಗುರ, ಗುರುವಿನ ಪಟ್ಟಿ, ಚಂದ್ರನ ಕುಳಿ, ಮಹಾವ್ಯಾಧನ ನೀಹಾರಿಕೆ, ಎಲ್ಲಕ್ಕೂ ಈ ಎರಡೇ ಸಾಕು. ಕೊಳವೆ ಕಾರಿನ ಹಿಂದಿನ ಸೀಟಲ್ಲಿ ಅಡ್ಡ ಮಲಗುತ್ತೆ. 8 ಇಂಚಿನದು ಇನ್ನೂ ಚೆನ್ನಾಗಿ ಕಾಣುತ್ತೆ, ಆದರೆ ತೂಕ 20 ಕಿಲೋ ದಾಟುತ್ತೆ. ದಿನಾ ಒಳಗೆ ಹೊರಗೆ ಎತ್ತೋರು ಯಾರು ಅಂತ ಮೊದಲು ಯೋಚಿಸಿ.

ತಾನೇ ಹುಡುಕೋ ಕಂಪ್ಯೂಟರ್ ಟೆಲಿಸ್ಕೋಪ್ ಬೇಡವಾ ಅಂತ ಕೇಳ್ತೀರಿ. ಅದನ್ನ ಶುರು ಮಾಡೋಕೆ ಎರಡು ನಕ್ಷತ್ರಗಳನ್ನ ನೀವೇ ಗುರುತಿಸಿ ತೋರಿಸಬೇಕು. ಲುಬ್ಧಕ ಅಂತ ಹೇಳಿ ಗುರುವನ್ನ ತೋರಿಸಿದರೆ ಆಮೇಲೆ ರಾತ್ರಿಯಿಡೀ ಅದು ಖಾಲಿ ಆಕಾಶವನ್ನೇ ತೋರಿಸುತ್ತೆ.

ಮಂಚೇನಹಳ್ಳಿ ತೋಟ:
ಸರ್, ಹಗಲು ಹೊತ್ತಲ್ಲಿ ಅಂಗಳದಲ್ಲೇ ಇಟ್ಟಿರಬಹುದಾ? ಪ್ರತಿ ಸಲ ಎತ್ತೋದು ತಪ್ಪುತ್ತೆ.

ಎಂಟಿಂಚು:
ಬೇಡವೇ ಬೇಡ. ಮುಚ್ಚಳ ಇಲ್ಲದೆ ಬಿಸಿಲಿಗೆ ಬಿಟ್ಟರೆ ಕನ್ನಡಿ ಬಿಸಿಲನ್ನ ಒಂದು ಬಿಂದುವಿಗೆ ಸೇರಿಸುತ್ತೆ, ಕೊಳವೆಯೊಳಗಿನ ಪ್ಲಾಸ್ಟಿಕ್ ಸುಡುತ್ತೆ. ಅದಕ್ಕಿಂತ ದೊಡ್ಡ ಅಪಾಯ ಮಕ್ಕಳು. ಸೂರ್ಯನ ಕಡೆ ತಿರುಗಿಸಿ ಕಣ್ಣಿಟ್ಟರೆ ಕಣ್ಣು ಹೋಯಿತು, ನೋವೂ ಗೊತ್ತಾಗಲ್ಲ. ಅಗ್ಗದ ಸೆಟ್ಟಿನಲ್ಲಿ ಕಣ್ಣುಮಸೂರಕ್ಕೆ ತಿರುಪೋ ಕಪ್ಪು ಗಾಜು ಬಂದಿದ್ದರೆ ಒಡೆದು ಬಿಸಾಕಿ, ಅದು ಬಿಸಿಗೆ ಸೀಳುತ್ತೆ. ಸೂರ್ಯನಿಗೆ ಕೊಳವೆಯ ಮುಂಬಾಯಿ ಪೂರ್ತಿ ಮುಚ್ಚೋ ಫಿಲ್ಟರ್ ಮಾತ್ರ.

ಹಗಲಲ್ಲಿ ಮಾಡಬೇಕಾದ ಕೆಲಸ ಒಂದಿದೆ. ಸೂರ್ಯನಿಗೆ ಬೆನ್ನು ಮಾಡಿ, ಕನಿಷ್ಠ ಒಂದು ಕಿಲೋಮೀಟರ್ ದೂರದ ಮೊಬೈಲ್ ಟವರಿನ ತುದಿಯನ್ನೋ ಗೋಪುರದ ಕಳಶವನ್ನೋ 25 ಮಿ.ಮೀ. ಕಣ್ಣುಮಸೂರದ ಮಧ್ಯಕ್ಕೆ ತನ್ನಿ. ಕೊಳವೆ ಅಲ್ಲಾಡಿಸದೆ ಪಕ್ಕದ ಫೈಂಡರಿನ (ಗುರಿ ಹುಡುಕೋ ಸಣ್ಣ ದುರ್ಬೀನು) ತಿರುಪು ತಿರುಗಿಸಿ ಅದರಲ್ಲೂ ಅದೇ ತುದಿ ಮಧ್ಯಕ್ಕೆ ಬರೋ ಹಾಗೆ ಮಾಡಿ. ಹತ್ತಿರದ ಮರಕ್ಕೆ ಹೊಂದಿಸಿದರೆ ರಾತ್ರಿ ಆಕಾಶಕ್ಕೆ ಹೊಂದಲ್ಲ. “ಏನೂ ಕಾಣ್ತಿಲ್ಲ” ಅನ್ನೋ ದೂರುಗಳಲ್ಲಿ ಮುಕ್ಕಾಲು ಪಾಲು ಈ ಫೈಂಡರಿನದೇ.

ಹಾಸುಬಂಡೆ:
ಜಾಗದ ಪ್ರಶ್ನೆಗೆ ಬರೋಣ. ಬೆಂಗಳೂರಿನ ಬೆಳಕು ಎಲ್ಲರಿಗೂ ಒಂದೇ ಕಡೆಯಿಂದ ಬರಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರಿಗೆ ಅದು ದಕ್ಷಿಣಕ್ಕೆ. ತುಮಕೂರಿಗೆ ಆಗ್ನೇಯಕ್ಕೆ. ಕೋಲಾರಕ್ಕೆ ಪಶ್ಚಿಮಕ್ಕೆ. ಹಾಗಾಗಿ ನಿಮ್ಮಲ್ಲಿ ಕೆಡೋದು ದಕ್ಷಿಣ ದಿಗಂತ. ನೆತ್ತಿ, ಪೂರ್ವ, ಪಶ್ಚಿಮ ಉಳಿಯುತ್ತೆ. ಉತ್ತರಕ್ಕೆ ಹಿಂದೂಪುರದ ಬೆಳಕು ಸ್ವಲ್ಪ ತಗ್ಗಿನಲ್ಲಿ ಇರುತ್ತೆ.

ನಿಜ ಹೇಳಬೇಕಂದ್ರೆ ದೂರದ ಬೆಂಗಳೂರಿಗಿಂತ ಪಕ್ಕದ ಹೊಲ ಹೆಚ್ಚು ಕಾಡುತ್ತೆ. ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸೇವಂತಿಗೆಗೆ ರಾತ್ರಿ ಬಲ್ಬ್ ಹಾಕ್ತಾರಲ್ಲ, ಸಾಲಿಗೆ ಸಾಲು. ರಾತ್ರಿ ಉದ್ದವಾದರೆ ಸೇವಂತಿಗೆ ಬೇಗ ಮೊಗ್ಗು ಬಿಡುತ್ತೆ. ಬೆಳಕು ಕೊಟ್ಟು ಅದನ್ನ ತಡೆದರೆ ಗಿಡ ಬೆಳೆದು ದಂಟು ಉದ್ದ ಬರುತ್ತೆ, ಆ ಕಾರಣಕ್ಕೆ. ಅವರ ಬೆಳೆ, ಅವರ ಬದುಕು, ಆರಿಸಿ ಅನ್ನೋಕಾಗಲ್ಲ. ನೀವು ಮಾಡಬಹುದಾದದ್ದು: ಆ ಕಡೆಗೆ ಎರಡು ಪದರ ಶೇಡ್ ನೆಟ್ಟನ್ನ ಏಳು ಅಡಿ ಎತ್ತರಕ್ಕೆ ಎರಡು ಗೂಟದ ಮಧ್ಯೆ ಕಟ್ಟಿ. ನೇರವಾಗಿ ಕಣ್ಣಿಗೆ ಹೊಡೆಯೋ ಬೆಳಕು ನಿಂತರೆ ಅರ್ಧ ಗೆದ್ದ ಹಾಗೆ. ನಿಮ್ಮ ಮನೆ ಪಡಸಾಲೆಯ ಬಿಳಿ ಎಲ್‌ಇಡಿ ತೆಗೆದು ಹಳದಿ ಬೆಳಕಿನದು ಹಾಕಿ, ಮೇಲೆ ತಗಡಿನ ಟೋಪಿ ಹಾಕಿ ಕೆಳಕ್ಕೆ ಮಾತ್ರ ಬೀಳೋ ಹಾಗೆ ಮಾಡಿ. ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆಯ ಇಂಡಿಕೇಟರ್ ದೀಪ ಸಣ್ಣದು ಅಂತ ಬಿಡಬೇಡಿ, ಕತ್ತಲಿಗೆ ಹೊಂದಿದ ಕಣ್ಣಿಗೆ ಅದೇ ಸೂರ್ಯ.

ನೆಲದ ಬಗ್ಗೆ ಒಂದು ಮಾತು, ಯಾರೂ ಹೇಳಲ್ಲ. ನಮ್ಮ ಕಡೆ ಬಂಡೆ ಜಾಸ್ತಿ, ಮಟ್ಟಸ ಹಾಸುಬಂಡೆ ಕಂಡರೆ ಟೆಲಿಸ್ಕೋಪ್ ಇಡೋಕೆ ಆಸೆ ಆಗುತ್ತೆ. ಇಡಬೇಡಿ. ಹಗಲೆಲ್ಲ ಕಾದ ಬಂಡೆ ರಾತ್ರಿ 10ರವರೆಗೂ ಬಿಸಿ ಉಗುಳುತ್ತೆ, ಅದರ ಮೇಲಿನ ಗಾಳಿ ಒಲೆ ಮೇಲಿನ ಗಾಳಿ ಥರ ಕುಣಿಯುತ್ತೆ. ಗುರುವನ್ನ ನೋಡಿದರೆ ನೀರೊಳಗಿನ ನಾಣ್ಯ ನೋಡಿದ ಹಾಗೆ ಇರುತ್ತೆ. ಆರ್‌ಸಿಸಿ ತಾರಸಿ, ತಗಡಿನ ಶೀಟಿಗೂ ಇದೇ ದೋಷ. ಹುಲ್ಲು ನೆಲ, ಉತ್ತ ಹೊಲದ ಬದು, ಮಣ್ಣಿನ ಕಣ ಒಳ್ಳೇದು. ಬರಿಗಣ್ಣಿನಲ್ಲಿ ನೋಡೋರು ಮಾತ್ರ ಬಂಡೆ ಮೇಲೆ ಆರಾಮಾಗಿ ಮಲಗಬಹುದು, ಚಳಿಗಾಲದಲ್ಲಿ ಬೆನ್ನು ಕೂಡ ಬೆಚ್ಚಗಿರುತ್ತೆ.

ಕೆರೆ ಏರಿ ಮೇಲೆ ದಿಗಂತ ಬಯಲಾಗಿ ಸಿಗುತ್ತೆ, ತಿಪಟೂರು ಕಡೆ ತೆಂಗಿನ ತೋಟದವರಿಗೆ ಬೇರೆ ದಾರಿಯೂ ಇಲ್ಲ. ಆದರೆ ನೀರಿರೋ ಕೆರೆ ಪಕ್ಕ ಇಬ್ಬನಿ ಎರಡು ಗಂಟೆ ಮೊದಲೇ ಇಳಿಯುತ್ತೆ. ಕುಳಿತುಕೊಳ್ಳೋ ಜಾಗವನ್ನ ಕತ್ತಲಾಗೋ ಮುಂಚೆ, ಆಮೇಲೆ ಜನ ಬರೋ ಮುಂಚೆ ಬಿಳಿ ಟಾರ್ಚ್ ಹಾಕಿ ಒಂದು ಸುತ್ತು ನೋಡಿ, ಹಾವು ಚೇಳು ಇರುತ್ತೆ. ಬೆಟ್ಟಗಳ ಮಾತು ಬಿಡಿ. ನಂದಿಬೆಟ್ಟಕ್ಕೆ ರಾತ್ರಿ ಪ್ರವೇಶ ಇಲ್ಲ. ದೇವರಾಯನದುರ್ಗದ ಸುತ್ತ ಕಾಡು, ಚಿರತೆ ಕರಡಿ ಎರಡೂ ಇವೆ. ಅತಿಥಿಗಳನ್ನ ಕರ್ಕೊಂಡು ಹೋಗೋ ಜಾಗ ಅಲ್ಲ.

ಪಾವಗಡ ಬಯಲು:
ಕತ್ತಲು ಬೇಕಾ? ಈ ಮೂರು ಜಿಲ್ಲೆಗಳಲ್ಲಿ ಬೆಂಗಳೂರಿನಿಂದ ದೂರ ಅಂದ್ರೆ ನಾವೇ. ತಿರುಮಣಿ ಕಡೆ ಸೋಲಾರ್ ಪಾರ್ಕಿನ ಸಬ್‌ಸ್ಟೇಷನ್ ದೀಪ ತಪ್ಪಿಸಿ ನಿಂತರೆ ಸಾಕು. ಮಾರ್ಚ್–ಏಪ್ರಿಲ್‌ನಲ್ಲಿ ಬೆಳಗಿನ ಜಾವ 4ಕ್ಕೆ ಎದ್ದರೆ ವೃಶ್ಚಿಕದ ಬಾಲದ ಪಕ್ಕದಲ್ಲೇ ಆಕಾಶಗಂಗೆಯ ದಪ್ಪ ಭಾಗ ಮೋಡದ ಹಾಗೆ ಕಾಣುತ್ತೆ.

ಕೋಲಾರ ಕಡೆಯವ:
ದಕ್ಷಿಣದ ಮಾತು ಬಂತಲ್ಲ, ಅದು ನಮ್ಮ ಆಸ್ತಿ. ಮುಳಬಾಗಿಲು, ಬಂಗಾರಪೇಟೆ ಕಡೆ ಬೆಂಗಳೂರಿನ ಬೆಳಕು ಪಶ್ಚಿಮಕ್ಕೆ ಹೋಗುತ್ತೆ, ದಕ್ಷಿಣ ನಮಗೆ ಉಳಿಯುತ್ತೆ. ಫೆಬ್ರವರಿ ಎರಡನೇ ವಾರ ರಾತ್ರಿ 9ರ ಮೇಲೆ ನೇರ ದಕ್ಷಿಣಕ್ಕೆ ಎರಡು ಮುಷ್ಟಿಗಿಂತ ಸ್ವಲ್ಪ ಮೇಲೆ ಅಗಸ್ತ್ಯ. ರಾತ್ರಿ ನಕ್ಷತ್ರಗಳಲ್ಲಿ ಲುಬ್ಧಕ ಬಿಟ್ಟರೆ ಅದೇ ಪ್ರಕಾಶಮಾನ. ಗೌರಿಬಿದನೂರಿನ ಬೆಳಕಿನ ಮಬ್ಬಲ್ಲೂ ಅಗಸ್ತ್ಯ ಕಾಣುತ್ತೆ, ತೊಂದರೆ ಇಲ್ಲ.

ತ್ರಿಶಂಕು ಬೇರೆ ಕಥೆ. ಮೇ ಮಧ್ಯದಲ್ಲಿ ರಾತ್ರಿ 9:20ರ ಹೊತ್ತಿಗೆ ಅದು ನೇರ ನಿಲ್ಲುತ್ತೆ. ಮೇಲಿನ ಚುಕ್ಕಿ ದಿಗಂತದಿಂದ 19 ಡಿಗ್ರಿ, ಕೆಳಗಿನದು 13. ನಿಮ್ಮ ಕಡೆ ಅದು ಸರಿಯಾಗಿ ಬೆಂಗಳೂರಿನ ಬೆಳಕಿನ ಗುಮ್ಮಟದೊಳಗೆ. ಒಂದು ಮಳೆ ಬಿದ್ದು ಧೂಳು ತೊಳೆದ ಮಾರನೇ ದಿನ ಪ್ರಯತ್ನ ಮಾಡಿ. ಮೋಸ ಹೋಗೋ ಜಾಗವೂ ಒಂದಿದೆ: ಮಾರ್ಚ್ ಕೊನೆಯಲ್ಲಿ ಅದೇ ಹೊತ್ತಿಗೆ ಅದೇ ದಿಕ್ಕಲ್ಲಿ ಇನ್ನೊಂದು ಶಿಲುಬೆ ನಿಲ್ಲುತ್ತೆ. ದೊಡ್ಡದು, ಮಂಕು. ಅದು ಸುಳ್ಳು ಶಿಲುಬೆ. ನಿಜವಾದ ತ್ರಿಶಂಕುವಿಗೆ ಎಡಕ್ಕೆ, ಅಂದ್ರೆ ಪೂರ್ವಕ್ಕೆ, ಎರಡು ಹೊಳೆಯೋ ಕಾವಲು ಚುಕ್ಕಿ ಇರುತ್ತೆ. ಅದರಲ್ಲಿ ಆಚೆಗಿರೋದು ಆಲ್ಫಾ ಸೆಂಟಾರಿ, ಸೂರ್ಯನನ್ನ ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಕುಟುಂಬ, ಸುಮಾರು 4.4 ಜ್ಯೋತಿರ್ವರ್ಷ.

ಧ್ರುವವನ್ನೂ ತ್ರಿಶಂಕುವನ್ನೂ ಒಂದೇ ರಾತ್ರಿ, ಒಂದೇ ಜಾಗದಲ್ಲಿ ನಿಂತು, ಬರೀ ತಿರುಗಿ ನೋಡೋ ಅದೃಷ್ಟ ಯುರೋಪಿನವರಿಗಿಲ್ಲ. ವಿದೇಶದ ಅತಿಥಿಗಳು ಬಂದರೆ ಇದನ್ನೇ ಮೊದಲು ತೋರಿಸಿ.

ಮಂಚೇನಹಳ್ಳಿ ತೋಟ:
ಗೌರಿಬಿದನೂರಿನಲ್ಲೇ ದೊಡ್ಡ ಟೆಲಿಸ್ಕೋಪ್ ಇದೆಯಲ್ಲ, ಅಲ್ಲಿಗೆ ಕರ್ಕೊಂಡು ಹೋಗಬಹುದಾ ಅಂತ ಅತಿಥಿಗಳು ಕೇಳ್ತಾರೆ.

ಮೇಷ್ಟ್ರು ಶಿರಾ:
ಅದು ರೇಡಿಯೋ ದೂರದರ್ಶಕ, ಕಣ್ಣಿಟ್ಟು ನೋಡುವುದಲ್ಲ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಿಂದ ನಡೆಸಿದ ಕೇಂದ್ರ. ಇಂಗ್ಲಿಷಿನ ಟಿ ಆಕಾರದಲ್ಲಿ ನೆಲದ ಮೇಲೆ ಹರಡಿದ ಒಂದು ಸಾವಿರ ಆಂಟೆನಾ, ದೂರದಿಂದ ನೋಡಿದರೆ ದ್ರಾಕ್ಷಿ ಚಪ್ಪರಕ್ಕೆ ನೆಟ್ಟ ಕಂಬಗಳ ಹಾಗೆ. ಸೂರ್ಯನಿಂದ, ನಕ್ಷತ್ರಲೋಕದಿಂದ ಬರುವ ರೇಡಿಯೋ ಅಲೆ ಹಿಡಿಯುತ್ತದೆ, ಹಗಲೂ ಕೆಲಸ ಮಾಡುತ್ತದೆ. ಅನುಮತಿ ಇಲ್ಲದೆ ಹೋಗುವ ಜಾಗವಲ್ಲ. ಆದರೆ “ನಮ್ಮೂರ ಪಕ್ಕದಲ್ಲೇ ಆಕಾಶವನ್ನು ಕಿವಿಯಿಂದ ಕೇಳುವ ಕೇಂದ್ರವಿದೆ” ಎಂದು ಕಾರ್ಯಕ್ರಮದಲ್ಲಿ ಎರಡು ನಿಮಿಷ ಹೇಳಿ.

ಓರೆನೋಟ:
ಈಗ ತೋರಿಸೋ ಕೆಲಸ. ನೋಡೋದು ಬೇರೆ, ತೋರಿಸೋದು ಬೇರೆ.

ದಿನ ಆರಿಸೋಕೆ ಪಂಚಾಂಗ ಸಾಕು. ಸಂಕಷ್ಟಿಗೆ ಚಂದ್ರೋದಯ ರಾತ್ರಿ 9ರ ಆಸುಪಾಸು, ಕ್ಯಾಲೆಂಡರಲ್ಲೇ ಬರೆದಿರುತ್ತೆ. ಅಲ್ಲಿಂದ ಮುಂದೆ ದಿನಕ್ಕೆ ಸರಾಸರಿ 50 ನಿಮಿಷ ತಡ. ಹಾಗಾಗಿ ಸಂಕಷ್ಟಿ ಮಾರನೇ ದಿನದಿಂದ ಅಮಾವಾಸ್ಯೆ ದಾಟಿ ಶುದ್ಧ ಚೌತಿವರೆಗೆ ಸಂಜೆಗಳು ಕತ್ತಲು. ಶುದ್ಧ ಪಂಚಮಿಯಿಂದ ದಶಮಿವರೆಗೆ ಚಂದ್ರನ ಕಾರ್ಯಕ್ರಮ, ಶಾಲಾ ಮಕ್ಕಳಿಗೆ ಇದೇ ಒಳ್ಳೇದು. ಅಷ್ಟಮಿ ಚಂದ್ರನಲ್ಲಿ ಬೆಳಕು ಕತ್ತಲಿನ ಗೆರೆ ಪಕ್ಕ ಕುಳಿಗಳ ನೆರಳು ಉದ್ದ ಬಿದ್ದಿರುತ್ತೆ. ಹುಣ್ಣಿಮೆ ಚಂದ್ರ ಟೆಲಿಸ್ಕೋಪಿಗೆ ಎಲ್ಲಕ್ಕಿಂತ ಸಪ್ಪೆ, ನೆರಳೇ ಇಲ್ಲ, ಕಣ್ಣು ಕುಕ್ಕುತ್ತೆ. ಜನ ಮಾತ್ರ ಹುಣ್ಣಿಮೆಗೇ ಬುಕ್ ಮಾಡ್ತಾರೆ, ಏನು ಮಾಡೋದು.

ಹೊತ್ತು: ಸೂರ್ಯ ಮುಳುಗಿ ಸುಮಾರು 75 ನಿಮಿಷಕ್ಕೆ ಪೂರ್ತಿ ಕತ್ತಲು. ಒಟ್ಟು 75ರಿಂದ 90 ನಿಮಿಷ ಸಾಕು, ಆಮೇಲೆ ಕುತ್ತಿಗೆ ನೋವು, ಹಸಿವು, ಮಕ್ಕಳ ರಗಳೆ. ಒಂದು ಟೆಲಿಸ್ಕೋಪಿಗೆ 12 ಜನ. ತಲೆಗೆ 45 ಸೆಕೆಂಡು ಅಂದ್ರೂ ಒಂದು ಸುತ್ತಿಗೆ 9 ನಿಮಿಷ ಆಗುತ್ತೆ, ಮೂರು ಗುರಿಗೆ ಅರ್ಧ ಗಂಟೆ. 15 ದಾಟಿದರೆ ಇನ್ನೊಬ್ಬರು ಬೇಕೇ ಬೇಕು, ಸಾಲಲ್ಲಿ ನಿಂತವರಿಗೆ ಬೈನಾಕ್ಯುಲರ್ ಕೊಟ್ಟು ಮಾತಾಡಿಸೋಕೆ.

ಮೊದಲ ಕೆಲಸ ದೀಪ ಆರಿಸಿ ಮೊಬೈಲ್ ಜೇಬಿಗೆ. ಕಣ್ಣು ಕತ್ತಲಿಗೆ ಹೊಂದೋಕೆ 20ರಿಂದ 30 ನಿಮಿಷ ಬೇಕು, ಒಂದು ವಾಟ್ಸಾಪ್ ನೋಡಿದರೆ ಮತ್ತೆ ಮೊದಲಿಂದ. ಕೈಗೆ ಬೇಕಾದ ಬೆಳಕಿಗೆ ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಕಾಗದ ಮೂರು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಒಂದೇ ಪದರವಾದರೆ ಗುಲಾಬಿ ಬೆಳಕು ಬರುತ್ತೆ, ಪ್ರಯೋಜನ ಇಲ್ಲ. ಆ ಅರ್ಧ ಗಂಟೆ ಬರಿಗಣ್ಣಿನ ಭಾಗ: ದಿಕ್ಕು, ಮುಷ್ಟಿ ಅಳತೆ, ಒಂದು ದೊಡ್ಡ ಪುಂಜ. ಫೆಬ್ರವರಿಯಿಂದ ಜೂನ್‌ವರೆಗಾದರೆ ಸಪ್ತರ್ಷಿಯ ಬಾಲದಲ್ಲಿ ವಸಿಷ್ಠ–ಅರುಂಧತಿ ತೋರಿಸಿ, ಮದುವೆ ಆದವರೆಲ್ಲ ನೋಡಿದ್ದೀವಿ ಅಂತಾರೆ, ನಿಜವಾಗಿ ನೋಡಿದವರು ಕಮ್ಮಿ. ಹಗಲು ಮುಹೂರ್ತದಲ್ಲಿ ಪುರೋಹಿತರು ಬೆರಳು ತೋರಿಸಿದ್ದೇ ಎಲ್ಲರಿಗೂ ಅರುಂಧತಿ. ಬಾಲದ ಬಾಗು ಹಿಡಿದು ಹೋದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಬೆಳ್ಳಗಿನ ಚಿತ್ತೆ.

ಆಮೇಲೆ ಬೈನಾಕ್ಯುಲರ್, ಆಮೇಲೆ ಟೆಲಿಸ್ಕೋಪಿನಲ್ಲಿ ಮಂದವಾದದ್ದು. ಗುರು, ಶುಕ್ರ, ಚಂದ್ರ ಕೊನೆಗೆ. ಚಂದ್ರ ಮೊದಲು ತೋರಿಸಿದರೆ ಆ ಕಣ್ಣಿಗೆ ನೀಹಾರಿಕೆ ಕಾಣಲ್ಲ.

ನೀಹಾರಿಕೆ ತೋರಿಸೋ ಮುಂಚೆ ಏನು ಕಾಣುತ್ತೆ ಅಂತ ಹೇಳಿಬಿಡಿ: “ಫೋಟೋದಲ್ಲಿರೋ ಕೆಂಪು ನೀಲಿ ಇರಲ್ಲ, ಬೂದಿ ಬಣ್ಣದ ಹೊಗೆಯ ಎಳೆ ಇರುತ್ತೆ, ನಡುವೆ ನಾಲ್ಕು ಸಣ್ಣ ಚುಕ್ಕಿ. ನೇರ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ಕಣ್ಣು ಹಾಯಿಸಿ, ಆಗ ಎಳೆ ಹರಡುತ್ತೆ.” ಮಂದ ಬೆಳಕು ಹಿಡಿಯೋ ಕೋಶಗಳು ಕಣ್ಣಿನ ಮಧ್ಯದಲ್ಲಿಲ್ಲ, ಅಂಚಲ್ಲಿವೆ. ಈ ಓರೆನೋಟ ಕಲಿಸದೆ ಆಂಡ್ರೋಮಿಡಾ ಗ್ಯಾಲಕ್ಸಿ ತೋರಿಸಿದರೆ ಪ್ರಯೋಜನ ಇಲ್ಲ. 25 ಲಕ್ಷ ಜ್ಯೋತಿರ್ವರ್ಷ ದೂರದ್ದು ಅಂತ ನೀವು ಎಷ್ಟೇ ಹೇಳಿ, “ಮಸಿ ಒರೆಸಿದ ಹಾಗಿದೆ” ಅಂತಾರೆ.

ಎಂಟಿಂಚು:
ಭೂಮಿ ತಿರುಗೋದು ಮರೀಬೇಡಿ. 25 ಮಿ.ಮೀ. ಕಣ್ಣುಮಸೂರದಲ್ಲಿ ನೋಟದ ಅಗಲ ಸುಮಾರು 1 ಡಿಗ್ರಿ, ಗ್ರಹ ಒಂದಂಚಿಂದ ಇನ್ನೊಂದಂಚಿಗೆ 4 ನಿಮಿಷದಲ್ಲಿ ದಾಟುತ್ತೆ. 10 ಮಿ.ಮೀ.ನಲ್ಲಿ ಎರಡು ನಿಮಿಷವೂ ಇಲ್ಲ. ಮೂರನೆಯವರು ಕಣ್ಣಿಡೋ ಹೊತ್ತಿಗೆ ಆಚೆ ಹೋಗಿರುತ್ತೆ, ಅವರು ಮರ್ಯಾದೆಗೆ “ಹ್ಞೂಂ ಕಾಣ್ತು” ಅಂತಾರೆ. ಆದ್ದರಿಂದ 10 ಮಿ.ಮೀ. ಹಾಕಿದ್ದರೆ ಪ್ರತಿ ಇಬ್ಬರಿಗೊಮ್ಮೆ ನೀವು ನೋಡಿ ಸರಿ ಮಾಡಿ. ಮಧ್ಯಕ್ಕೆ ತರಬೇಡಿ, ಅದು ಒಳಗೆ ಬರೋ ಅಂಚಿನ ಹತ್ತಿರಕ್ಕೆ ಇಡಿ, ಪೂರ್ತಿ ಅಗಲ ಉಪಯೋಗಕ್ಕೆ ಬರುತ್ತೆ. ಕಂಡಿತಾ ಅಂತ ಕೇಳಬೇಡಿ, “ಗುರುವಿನ ಎಡಕ್ಕೆ ಎಷ್ಟು ಚುಕ್ಕಿ, ಬಲಕ್ಕೆ ಎಷ್ಟು?” ಅಂತ ಕೇಳಿ (ಆ ಚುಕ್ಕಿಗಳು ಗುರುವಿನ ಚಂದ್ರರು). ಉತ್ತರ ನೀವು ಕಂಡದ್ದಕ್ಕೆ ತಾಳೆ ಆದರೆ ಮಾತ್ರ ಮುಂದಿನವರು.

ಮಕ್ಕಳು ಕಣ್ಣುಮಸೂರ ಹಿಡಿದು ಜೋತು ಬೀಳ್ತಾರೆ, ಗುರಿ ಹೋಗುತ್ತೆ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಬೆನ್ನು ಅವರ ಕಡೆಗೆ. “ಎರಡೂ ಕೈ ಕುರ್ಚಿ ಮೇಲೆ” ಅಂದ್ರೆ ಆಯಿತು. ಒಂದು ಕಣ್ಣು ಮುಚ್ಚೋಕೆ ಬರದ ಮಗುವಿಗೆ ಅಂಗೈಯಿಂದ ಮುಚ್ಚಿಕೊಳ್ಳೋಕೆ ಹೇಳಿ. ಕನ್ನಡಕದವರು: ದೂರದ್ದೋ ಹತ್ತಿರದ್ದೋ ಮಾತ್ರದ ದೋಷವಾದರೆ ತೆಗೆದು ಫೋಕಸ್ ತಿರುಗಿಸಿಕೊಳ್ಳಲಿ, ಸಿಲಿಂಡರ್ ಪವರ್ ಇದ್ದರೆ ಕನ್ನಡಕ ಇರಲಿ.

ಹೊರಗೆ ತಂದಿಟ್ಟು 30–45 ನಿಮಿಷ ಆದ ಮೇಲೇ 120 ಪಟ್ಟು ಹಾಕಿ, ಕನ್ನಡಿ ಹೊರಗಿನ ತಂಪಿಗೆ ಬರಬೇಕು. ಡಿಸೆಂಬರ್–ಜನವರಿ ಇಬ್ಬನಿ ಮೊದಲು ಫೈಂಡರ್ ಮೇಲೆ, ಆಮೇಲೆ ಕಣ್ಣುಮಸೂರದ ಮೇಲೆ ಕೂರುತ್ತೆ. ಪಂಚೆ, ಟವೆಲ್ಲಿಂದ ಒರೆಸಿದರೆ ಧೂಳಿನ ಕಣ ಗೀರು ಹಾಕುತ್ತೆ, ರಾಗಿ ಒಕ್ಕಣೆ ಕಾಲದಲ್ಲಂತೂ ಕೇಳಲೇಬೇಡಿ. ಕಣ್ಣುಮಸೂರ ಜೇಬಲ್ಲಿಟ್ಟರೆ ಬೆಚ್ಚಗಿದ್ದು ಹನಿ ಕಟ್ಟಲ್ಲ. ಫೈಂಡರಿನ ಮುಂದೆ ಯೋಗ ಮ್ಯಾಟಿನ ತುಂಡು ಸುರುಳಿ ಸುತ್ತಿ, ಅದರ ಅಗಲದ ಒಂದೂವರೆ ಪಟ್ಟು ಉದ್ದ ಬಿಡಿ.

ಮಂಚೇನಹಳ್ಳಿ ತೋಟ:
ಹಸಿರು ಲೇಸರ್ ತರಿಸಬಹುದಾ? ವಿಡಿಯೋಗಳಲ್ಲಿ ಎಲ್ಲರೂ ಅದರಲ್ಲೇ ತೋರಿಸ್ತಾರೆ.

ಪಾವಗಡ ಬಯಲು:
ತರಿಸಿ, ಅದಿಲ್ಲದೆ ಇಪ್ಪತ್ತು ಜನಕ್ಕೆ ಒಂದೇ ಚುಕ್ಕಿ ತೋರಿಸೋದು ಆಗದ ಕೆಲಸ.

ಹಾಸುಬಂಡೆ:
ಪಾವಗಡದಲ್ಲಿ ಸರಿ ಅಣ್ಣ, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನನ್ನ ಮಟ್ಟಿಗೆ ಬೇಡ. ದೇವನಹಳ್ಳಿ ವಿಮಾನ ನಿಲ್ದಾಣ ಪಕ್ಕದಲ್ಲೇ, ರಾತ್ರಿಯೆಲ್ಲ ವಿಮಾನ. ಪೈಲಟ್ ಕಣ್ಣಿಗೆ ಬಿದ್ದರೆ ಕಾಕ್‌ಪಿಟ್ ಗಾಜಿನ ತುಂಬ ಹಸಿರು ಹರಡುತ್ತೆ. ಅದು ಅಪರಾಧ, ಪೊಲೀಸರು ತೋಟಕ್ಕೇ ಬರ್ತಾರೆ. ಅಗ್ಗದ ಲೇಸರಿನ ಮೇಲೆ 5 ಮಿಲಿವ್ಯಾಟ್ ಅಂತ ಅಂಟಿಸಿದ್ದರೂ ಒಳಗೆ ಎಷ್ಟೋ ಹೆಚ್ಚಿರುತ್ತೆ, ಕಾಣದ ಅವಕೆಂಪು ಬೆಳಕೂ ಸೋರುತ್ತೆ. ಅತಿಥಿಗಳ ಮಗು ಕಿತ್ತುಕೊಂಡು ಇನ್ನೊಂದು ಮಗುವಿನ ಮುಖಕ್ಕೆ ಹಿಡಿದರೆ ಏನು ಗತಿ?

ಓರೆನೋಟ:
ಲೇಸರ್ ಇಲ್ಲದೆ ಮಾಡೋ ದಾರಿ: ಕೇಳೋರ ಹಿಂದೆ ನಿಂತು ಅವರ ಭುಜದ ಮೇಲಿಂದ ನಿಮ್ಮ ಕೈ ಚಾಚಿ. ಮೊದಲು ಎಲ್ಲರಿಗೂ ಕಾಣೋ ನೆಲದ ಗುರುತು, “ನೀರಿನ ಟ್ಯಾಂಕ್ ತುದಿಯಿಂದ ಎರಡು ಮುಷ್ಟಿ ಮೇಲೆ, ಅಲ್ಲಿಂದ ಮೂರು ಬೆರಳು ಎಡಕ್ಕೆ.” ಮುಷ್ಟಿ ಅಳತೆ ಮೊದಲೇ ಕಲಿಸಿರೋದು ಇದಕ್ಕೇ. ತೆಳ್ಳಗಿನ ಉದ್ದ ಬಿದಿರು ಗಳ ಒಂದಿದ್ದರೆ ಇನ್ನೂ ಸುಲಭ.

ಕೋಲಾರ ಕಡೆಯವ:
ಎಲ್ಲರೂ ಕೇಳೋ ಪ್ರಶ್ನೆ ಬಿಟ್ಟಿರಿ: “ನಂದು ಉತ್ತರಾಷಾಢ, ನನ್ನ ನಕ್ಷತ್ರ ತೋರಿಸಿ.”

ಮೇಷ್ಟ್ರು ಶಿರಾ:
ತೋರಿಸಿ, ವಾದಕ್ಕೆ ಇಳಿಯಬೇಡಿ. ಹುಟ್ಟಿದ ಹೊತ್ತಿಗೆ ಚಂದ್ರ ಆಕಾಶದ ಯಾವ ಭಾಗದಲ್ಲಿದ್ದ ಎಂಬುದೇ ಜನ್ಮನಕ್ಷತ್ರ. ಚಂದ್ರನ ದಾರಿಯನ್ನು 27 ಭಾಗ ಮಾಡಿದರೆ ಒಂದೊಂದು 13 ಡಿಗ್ರಿ 20 ಮಿನಿಟು, ಹೆಚ್ಚುಕಡಿಮೆ ಚಂದ್ರನ ಒಂದು ದಿನದ ನಡಿಗೆ. ಇಷ್ಟು ಖಗೋಳ. ಫಲದ ಮಾತು ಕೇಳಿದರೆ ಅದು ನನ್ನ ವಿಷಯವಲ್ಲ ಎನ್ನಿ. ಚಿತ್ತೆ, ಸ್ವಾತಿ, ಮಖೆ, ಜ್ಯೇಷ್ಠಾ, ಶ್ರವಣ ಇವೆಲ್ಲ ಒಂಟಿ ಹೊಳೆಯುವ ಚುಕ್ಕಿ, ಸುಲಭ. ಹಸ್ತ ಐದು ಚುಕ್ಕಿಯ ಅಂಗೈ, ಏಪ್ರಿಲ್–ಮೇನಲ್ಲಿ ಚಿತ್ತೆಯ ಪಕ್ಕ. ಪೂರ್ವಾಷಾಢ, ಉತ್ತರಾಷಾಢ ಎರಡೂ ಧನುವಿನ ಟೀ ಪಾಟಿನ ಆಕಾರದಲ್ಲಿವೆ. ರೇವತಿ, ಶತಭಿಷ ತೀರಾ ಮಂದ. ಆ ನಕ್ಷತ್ರದವರಿಗೆ ಬೈನಾಕ್ಯುಲರ್ ಕೊಟ್ಟು ಸಮಾಧಾನ ಮಾಡಬೇಕು.

ಪಾವಗಡ ಬಯಲು:
ಸಾಲಾಗಿ ಹೋಗೋ ದೀಪಗಳನ್ನ ನೋಡಿ ಅತಿಥಿಗಳು ಗಾಬರಿ ಆಗ್ತಾರೆ, ಅದು ಸ್ಟಾರ್‌ಲಿಂಕ್ ಉಪಗ್ರಹ. ಒಂಟಿಯಾಗಿ ಮಿನುಗದೆ ನಾಲ್ಕೈದು ನಿಮಿಷದಲ್ಲಿ ಆಕಾಶ ದಾಟೋ ಹೊಳಪು ಚುಕ್ಕಿ ಬಹುಮಟ್ಟಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಮಿನುಗಿ ಮಿನುಗಿ ಹೋದರೆ ವಿಮಾನ.

ಮಂಚೇನಹಳ್ಳಿ ತೋಟ:
ತುಂಬಾ ಉಪಕಾರ ಆಯಿತು. ಜೂನಿಂದ ಅಕ್ಟೋಬರ್‌ವರೆಗೆ ಮೋಡ, ಆಗ ಏನು ಮಾಡೋದು?

ಓರೆನೋಟ:
ನಮ್ಮ ಕಡೆ ಹಿಂಗಾರೂ ಸೇರಿಸಿಕೊಳ್ಳಿ, ನವೆಂಬರ್ ಅರ್ಧ ಹೋಗುತ್ತೆ. ಬುಕಿಂಗ್ ತಗೊಳ್ಳುವಾಗಲೇ “ಮೋಡ ಇದ್ದರೆ ಇಲ್ಲ” ಅಂತ ಹೇಳಿಬಿಡಿ. ಆ ತಿಂಗಳಲ್ಲಿ ಸ್ಟೆಲ್ಲೇರಿಯಮ್ಮಲ್ಲಿ ಮುಂದಿನ ತಿಂಗಳ ಆಕಾಶ ಅಭ್ಯಾಸ ಮಾಡಿ. ಹಗಲು ಕಾರ್ಯಕ್ರಮಕ್ಕೆ ಶೂನ್ಯ ನೆರಳಿನ ದಿನ ಇದೆ, ನಮ್ಮ ಅಕ್ಷಾಂಶಕ್ಕೆ ಏಪ್ರಿಲ್ 25–26ರ ಸುಮಾರು, ಮತ್ತೆ ಆಗಸ್ಟ್ 17ರ ಸುಮಾರು. ಮಧ್ಯಾಹ್ನ 12:20ರ ಆಸುಪಾಸು ನೆಟ್ಟಗೆ ನಿಲ್ಲಿಸಿದ ಗಳಕ್ಕೆ ನೆರಳೇ ಇರಲ್ಲ. ವರ್ಷದ ದೊಡ್ಡ ರಾತ್ರಿ ಡಿಸೆಂಬರ್ 13–14, ಜೆಮಿನಿಡ್ ಉಲ್ಕೆಗಳು, ಪುನರ್ವಸು ಕಡೆಯಿಂದ. ಟೆಲಿಸ್ಕೋಪ್ ಬೇಡ, ಜಮಖಾನ, ರಗ್ಗು, ಫ್ಲಾಸ್ಕಿನಲ್ಲಿ ಕಾಫಿ. ಮಧ್ಯರಾತ್ರಿ ಮೇಲೆ ಜಾಸ್ತಿ ಬೀಳುತ್ತವೆ.

ಮಂಚೇನಹಳ್ಳಿ ತೋಟ:
ಕೊನೇದು ಒಂದು. ಉತ್ತರಕ್ಕೆ ದೊಡ್ಡ ಹುಣಸೆ ಮರ ಅಡ್ಡ ಇದೆ, ನಲವತ್ತು ಅಡಿ ಇರಬಹುದು. ಕಡಿಯೋಕೆ ಮನಸ್ಸಿಲ್ಲ. ಧ್ರುವ ಕಾಣಬೇಕಂದ್ರೆ?

ಎಂಟಿಂಚು:
ಮರ ಇರಲಿ. 13.6 ಡಿಗ್ರಿಗೆ ಮರದ ಎತ್ತರದ ನಾಲ್ಕು ಪಟ್ಟಿಗಿಂತ ಚೂರು ಜಾಸ್ತಿ ದೂರ ನಿಂತರೆ ಸಾಕು. 40 ಅಡಿಗೆ 165 ಅಡಿ. ಇನ್ನೊಂದು ಹತ್ತು ಹೆಜ್ಜೆ ಹಿಂದೆ ಸರಿದು ಅಲ್ಲೇ ಒಂದು ಕಲ್ಲು ನೆಟ್ಟುಬಿಡಿ, ಮರದ ನೆತ್ತಿ ಮೇಲೆ ಧ್ರುವ ಕೂತಿರುತ್ತೆ. ಆಮೇಲೆ ಅತಿಥಿಗಳಿಗೆ ತೋರಿಸೋಕೆ ಲೇಸರೂ ಬೇಡ, ಮುಷ್ಟಿಯೂ ಬೇಡ.